ಮನೆ ಮುಂದಿನ ಹಳೇ ಕಾರು, ಫೋನಿನಲ್ಲಿ ಬಂದ ಗಿರಾಕಿ

ಮೈಸೂರಿನ ಹಳೇ ಬಡಾವಣೆಗಳಲ್ಲಿ ಒಂದು ಸುತ್ತು ಹಾಕಿ ಬನ್ನಿ. ಅಗ್ರಹಾರ, ಲಕ್ಷ್ಮೀಪುರಂ, ಸರಸ್ವತಿಪುರಂ, ಒಂಟಿಕೊಪ್ಪಲು... ಎಲ್ಲಿ ಹೋದರೂ ಯಾವುದಾದರೊಂದು ಕಾಂಪೌಂಡಿನೊಳಗೆ ಟಾರ್ಪಾಲು ಹೊದ್ದು, ಟೈರು ನೆಲಕ್ಕೆ ಕೂತು, ಬಾನೆಟ್ ಮೇಲೆ ಬೆಕ್ಕನ್ನು ಮಲಗಿಸಿಕೊಂಡು ನಿಂತಿರುವ ಹಳೇ ಗಾಡಿಯೊಂದು ಕಣ್ಣಿಗೆ ಬಿದ್ದೇ ಬೀಳುತ್ತದೆ. ಒಂದು ಮನೆಯಲ್ಲಿ ಎರಡು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್, ಇನ್ನೊಂದರಲ್ಲಿ ಕಾಂಟೆಸ್ಸಾ, ಮತ್ತೊಂದರಲ್ಲಿ ಮಗ ಅಮೆರಿಕಕ್ಕೆ ಹೋಗುವಾಗ ಬಿಟ್ಟುಹೋದ ಯೆಜ್ಡಿ. ಹಿಂದೆಲ್ಲಾ ಇವನ್ನು ಕೇಳಿಕೊಂಡು ಬರುತ್ತಿದ್ದವನು ಗುಜರಿಯವನೊಬ್ಬನೇ. "ಅಮ್ಮಾವ್ರೇ, ಸುಮ್ನೆ ಜಾಗ ತಿಂತಾ ಐತೆ, ತೂಕಕ್ಕೆ ಹಾಕ್ಬಿಡಿ" ಅನ್ನುತ್ತಿದ್ದ. ಎಷ್ಟೋ ಜನ ಹಾಕಿಯೂಬಿಟ್ಟರು.

ಈಗ ಗಾಳಿ ತಿರುಗಿದೆ. ಮೊಮ್ಮಗ ಫೋನಿನಲ್ಲಿ ನಾಲ್ಕು ಫೋಟೋ ಹೊಡೆದು ಮಾರಾಟದ ತಾಣಕ್ಕೆ ಹಾಕಿದನೆಂದರೆ ಸಂಜೆಯೊಳಗೆ ಬೆಂಗಳೂರು, ಕೊಯಮತ್ತೂರು, ವಯನಾಡಿನಿಂದ ಫೋನು. ತೂಕಕ್ಕೆ ಹೋಗಬೇಕಾಗಿದ್ದ ಗಾಡಿಗೆ ಲಕ್ಷದ ಮಾತು! ಸಂತೋಷದ ವಿಷಯವೇ. ಆದರೆ ಈ ಲಕ್ಷದ ಹಿಂದೆ ಇರುವ ಕಾಗದದ ಗಂಟನ್ನು ಬಿಡಿಸಿ ನೋಡಿದವರು ಕಡಿಮೆ. ಗಾಡಿ ಮಾರಿ ಕೈ ತೊಳಕೊಂಡೆವು ಎಂದುಕೊಂಡವರು ವರ್ಷಗಳ ಮೇಲೆ ಕೋರ್ಟಿನ ಮೆಟ್ಟಿಲು ಹತ್ತುವುದೂ ಉಂಟು. ಈ ವಾರ ಅದನ್ನೇ ನೋಡೋಣ.

ಬೆಲೆ ಯಾಕೆ ಬಂತು?

ಕಾರಣ ಸರಳ. ತಯಾರಿ ನಿಂತಿತು, ಶೋಕಿ ನಿಲ್ಲಲಿಲ್ಲ. ನಮ್ಮೂರಿನದೇ ಉದಾಹರಣೆ ತಗೊಳ್ಳಿ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಯಿತು. 1973ರಿಂದ ಗಾಡಿಗೆ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಬಾಗಿಲು ಮುಚ್ಚಿತು. ಬಾಗಿಲು ಮುಚ್ಚಿದಾಗ ಎರಡು ಸೈಲೆನ್ಸರಿನ ಆ ಗಾಡಿಯನ್ನು ಕೇಳುವವರಿರಲಿಲ್ಲ. ಹಾಲಿನ ಕ್ಯಾನು ಹೊರಲಿಕ್ಕೆ ಇಟ್ಟುಕೊಂಡವರೂ ಇದ್ದರು. ಇಂದು ಅದೇ ರೋಡ್‌ಕಿಂಗ್‌ಗೆ ಹುಡುಗರು ಮುಗಿಬೀಳುತ್ತಾರೆ. ಅಂಬಾಸಿಡರ್ 2014ರಲ್ಲಿ ನಿಂತಿತು. ಕಾಂಟೆಸ್ಸಾ ಅದಕ್ಕೂ ಮೊದಲೇ ಹೋಗಿತ್ತು.

ಸ್ಪೋರ್ಟ್ಸ್ ಕಾರು ಎಂದರೆ ನಮ್ಮ ದೇಶದಲ್ಲಿ ಎಣಿಕೆಗೆ ಸಿಗುವಷ್ಟು. ಬೆಂಗಳೂರಿನ ಸ್ಯಾನ್ ಮೋಟಾರ್ಸ್ ಕಂಪನಿ ಗೋವಾದಲ್ಲಿ ಕಾರ್ಖಾನೆ ಹಾಕಿ 1998ರ ಹೊತ್ತಿಗೆ ಸ್ಯಾನ್ ಸ್ಟಾರ್ಮ್ ಎಂಬ ಪುಟ್ಟ ಕಾರು ತಂದಿತ್ತು, ನೆನಪಿದೆಯೇ? ಎರಡೇ ಸೀಟು, ಫೈಬರ್ ಬಾಡಿ, ರೆನೋ ಕಂಪನಿಯ 1149 ಸಿ.ಸಿ. ಎಂಜಿನ್ನು. ಹೆಂಡತಿ ಕೂತರೆ ಮಗುವಿಗೆ ಜಾಗವಿಲ್ಲ, ಮಗು ಕೂತರೆ ತರಕಾರಿ ಚೀಲಕ್ಕೆ ಜಾಗವಿಲ್ಲ. ನಮ್ಮ ಜನ ಕೊಳ್ಳಲಿಲ್ಲ. ಕೆಲವೇ ಗಾಡಿ ತಯಾರಾದದ್ದರಿಂದ ಈಗ ಅದನ್ನೇ ಹುಡುಕಿಕೊಂಡು ಬರುವವರಿದ್ದಾರೆ. ಇನ್ನು ಹೆರಾಲ್ಡ್. ಮದರಾಸಿನ ಸ್ಟ್ಯಾಂಡರ್ಡ್ ಕಂಪನಿ 1961ರಿಂದ ತಯಾರಿಸಿದ ಈ ಕಾರು ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡಿನ ಅಚ್ಚು. ಇದೇ ಚಾಸಿಸ್ಸನ್ನು ಕತ್ತರಿಸಿ ಗಿಡ್ಡ ಮಾಡಿ ಅಲ್ಲಿಯವರು 1962ರಲ್ಲಿ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರು ಕಟ್ಟಿದರು. ಅಂದಮೇಲೆ ಮೇಷ್ಟ್ರ ಮನೆ ಹೆರಾಲ್ಡೂ ಸ್ಪೋರ್ಟ್ಸ್ ಕಾರಿನ ದಾಯಾದಿಯೇ ತಾನೆ!

ದಲ್ಲಾಳಿಯೋ, ನೀವೇನೋ?

ಲೆಕ್ಕಕ್ಕೆ ಹೀಗಿಟ್ಟುಕೊಳ್ಳಿ. ದಲ್ಲಾಳಿ ಬಂದು "ಯಜಮಾನ್ರೇ, ಒಂದೂವರೆ ಕೊಡ್ತೀನಿ, ಎಲ್ಲಾ ತಾಪತ್ರಯ ನಂದು" ಅನ್ನುತ್ತಾನೆ. ಅದೇ ಗಾಡಿಯನ್ನು ಬಣ್ಣ ಬಳಿಸಿ, ಬೆಂಗಳೂರಿನ ಶೋಕೀಲಾಲನಿಗೆ ಎರಡೂವರೆಗೆ ದಾಟಿಸುತ್ತಾನೆ. ನೀವೇ ಫೋನಿನಲ್ಲಿ ಹಾಕಿದ್ದರೆ ಎರಡಾದರೂ ಬರುತ್ತಿತ್ತು. ಈ ಅರ್ಧ ಲಕ್ಷಕ್ಕೇ ಜನ ದಲ್ಲಾಳಿಯನ್ನು ಬಿಟ್ಟು ಸ್ವಂತ ವ್ಯಾಪಾರಕ್ಕಿಳಿದಿರುವುದು. ಮಾಡಲಿ, ತಪ್ಪಿಲ್ಲ. ದಲ್ಲಾಳಿಗೆ ಬಿಡುವುದಕ್ಕಿಂತ ಸ್ವತಃ ಮಾರುವುದೇ ಮೇಲು ಎಂಬುದು ಈ ಅಂಕಣದ ಅಭಿಪ್ರಾಯವೂ ಹೌದು.

ಆದರೆ ಫೋನಿನಲ್ಲಿ ಕಾಣುವ ಬೆಲೆ ನೋಡಿ ಮರುಳಾಗಬೇಡಿ. ಅದು ಕೇಳಿದ ಬೆಲೆ, ಕೊಟ್ಟ ಬೆಲೆಯಲ್ಲ. ಆರು ತಿಂಗಳಿಂದ ಅದೇ ಫೋಟೋ, ಅದೇ ರೇಟು ಹಾಕಿಕೊಂಡು ಕೂತವನ ಗಾಡಿ ಮಾರಾಟವಾಗಿಲ್ಲ ಎಂದೇ ಅರ್ಥ. ಅಂಗಡಿ ಇಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರೇಟು ಚೀಟಿ ಅಂಟಿಸಿದ ಮಾತ್ರಕ್ಕೆ ಸರಕು ಖರ್ಚಾಗುತ್ತದೆಯೇ?

ತೆರಿಗೆ ಬಗ್ಗೆಯೂ ಗಾಳಿಸುದ್ದಿ ಹಬ್ಬಿದೆ. 2024ರ ಡಿಸೆಂಬರಿನಲ್ಲಿ ಜಿಎಸ್‌ಟಿ ಕೌನ್ಸಿಲ್ ಹಳೇ ಕಾರಿಗೆ 18 ಪರ್ಸೆಂಟ್ ಎಂದಾಗ ಊರೆಲ್ಲಾ ಗುಲ್ಲೆದ್ದಿತ್ತು. ಅದು ನೋಂದಾಯಿತ ವ್ಯಾಪಾರಿಗೆ, ಅದೂ ಲಾಭದ ಅಂಶದ ಮೇಲೆ ಮಾತ್ರ. ಮನೆಯಲ್ಲಿ ಓಡಿಸುತ್ತಿದ್ದ ಕಾರನ್ನು ಒಬ್ಬರು ಇನ್ನೊಬ್ಬರಿಗೆ ಮಾರಿದರೆ ಆ ತೆರಿಗೆ ಇಲ್ಲ. ಆದರೆ ಅಂಗಡಿಯವರೇ, ನೀವು ಕಾರನ್ನು ಅಂಗಡಿ ಲೆಕ್ಕದಲ್ಲಿ ತೋರಿಸಿ ವರ್ಷ ವರ್ಷ ಸವಕಳಿ ಹಿಡಿದಿದ್ದೀರಾ? ಹಾಗಿದ್ದರೆ ಮಾರುವ ಮುಂಚೆ ನಿಮ್ಮ ಲೆಕ್ಕಿಗರನ್ನು ಒಂದು ಮಾತು ಕೇಳಿ. ಸವಕಳಿ ಕಳೆದು ಉಳಿದ ಬೆಲೆಗಿಂತ ಹೆಚ್ಚಿಗೆ ಮಾರಿದರೆ ಆ ಹೆಚ್ಚುವರಿಗೆ ತೆರಿಗೆ ಬೀಳುತ್ತದೆ. ಇನ್ನೊಂದು: ಹಳೇ ಗಾಡಿ ವ್ಯವಹಾರದಲ್ಲಿ ನೋಟಿನ ಕಂತೆ ಬಹಳ. 2017ರಿಂದ ಒಂದು ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕೂ ಹೆಚ್ಚು ನಗದು ತಗೊಳ್ಳುವಂತಿಲ್ಲ. ತಗೊಂಡರೆ ತಗೊಂಡಷ್ಟೇ ದಂಡ. ಅಷ್ಟೂ ಹೋಯಿತು ಅಂತಲೇ ಲೆಕ್ಕ!

ಮೋಸಗಾರರ ಮಾತು ಹೊಸದೇನಲ್ಲ, ಆದರೂ ಹೇಳಲೇಬೇಕು. ಫೋಟೋ ಹಾಕಿದ ಹತ್ತು ನಿಮಿಷಕ್ಕೆ ಒಬ್ಬ ಫೋನು ಮಾಡುತ್ತಾನೆ. ಮಿಲಿಟರಿಯವನಂತೆ, ಹಿಂದಿಯಲ್ಲಿ "ಸಾಬ್ ಸಾಬ್" ಅನ್ನುತ್ತಾನೆ, ಗುರುತಿನ ಚೀಟಿಯ ಫೋಟೋನೂ ಕಳಿಸುತ್ತಾನೆ. ಗಾಡಿ ನೋಡುವುದಿಲ್ಲ, ಚೌಕಾಸಿ ಇಲ್ಲವೇ ಇಲ್ಲ! ಅಲ್ಲೇ ತಿಳಕೊಳ್ಳಬೇಕು. ಹಳೇ ಗಾಡಿಗೆ ಚೌಕಾಸಿ ಮಾಡದ ಗಿರಾಕಿ ಮೈಸೂರಲ್ಲೇನು, ಮೂರು ಲೋಕದಲ್ಲೂ ಹುಟ್ಟಿಲ್ಲ. "ಅಡ್ವಾನ್ಸ್ ಕಳಿಸಿದೀನಿ, ಈ ಚೌಕ ಸ್ಕ್ಯಾನ್ ಮಾಡಿ, ಪಿನ್ ಒತ್ತಿ" ಎಂದನೋ, ಫೋನು ಕೆಳಗಿಡಿ. ದುಡ್ಡು ಬರುವುದಕ್ಕೆ ಪಿನ್ ಒತ್ತುವ ಕೆಲಸವೇ ಇಲ್ಲ. ಪಿನ್ ಒತ್ತುವುದು ದುಡ್ಡು ಹೋಗುವುದಕ್ಕೆ. ಅಕಸ್ಮಾತ್ ಹೋಯಿತೆಂದರೆ 1930 ನಂಬರಿಗೆ ತಕ್ಷಣ ಹೊಡೆಯಿರಿ. ಮಾನ ಹೋಗುತ್ತದೆಂದು ಎರಡು ದಿನ ಬಚ್ಚಿಟ್ಟರೆ ದುಡ್ಡು ಹತ್ತು ಖಾತೆ ದಾಟಿರುತ್ತದೆ.

ಮನೆ ಬಾಗಿಲಿಗೆ ಬರುವ ಗಿರಾಕಿಯ ಕಥೆ ಬೇರೆ. ಅವನು ಜೇಬಲ್ಲಿ ಆಯಸ್ಕಾಂತ ಇಟ್ಟುಕೊಂಡು ಬರುತ್ತಾನೆ. ಬಾಡಿ ಮೇಲೆ ಅಲ್ಲಲ್ಲಿ ಹಿಡಿದು ನೋಡುತ್ತಾನೆ. ತಗಡಿಗೆ ಅಂಟಿದರೆ ಸರಿ, ಅಂಟದಿದ್ದರೆ ಅಲ್ಲಿ ತುಕ್ಕು ತಿಂದ ತೂತಿಗೆ ಪುಟ್ಟಿ ಮೆತ್ತಿದೆ ಎಂದರ್ಥ. ಒಳ್ಳೇ ಉಪಾಯವೇ. ಆದರೆ ಸ್ಯಾನ್ ಸ್ಟಾರ್ಮ್‌ನಂಥ ಫೈಬರ್ ಗಾಡಿಯ ಬಾಡಿಗೆ ಆಯಸ್ಕಾಂತ ಎಲ್ಲೂ ಅಂಟುವುದಿಲ್ಲ, "ಏನ್ ಸ್ವಾಮಿ, ಪೂರ್ತಿ ಪುಟ್ಟೀಲೇ ಮಾಡಿದೀರಾ?" ಎಂದು ಕೇಳುವ ಪಂಡಿತರೂ ಇದ್ದಾರು! ಗಿರಾಕಿ ಕೇಳುವ ಮುಂಚೆ ನೀವೇ ಕೆಳಗಿನ ತುಕ್ಕು, ಬದಲಾಯಿಸಿದ ಎಂಜಿನ್ನು, ಸೋರುವ ಗೇರ್‌ಬಾಕ್ಸು ಎಲ್ಲದರ ಫೋಟೋ ಹಾಕಿಬಿಡಿ. ಕೊಯಮತ್ತೂರಿನಿಂದ ಬಂದವನು ಬರಿಗೈಲಿ ಬೈದುಕೊಂಡು ಹೋಗುವುದು ತಪ್ಪುತ್ತದೆ. ಶೋಕಿ ಗಿರಾಕಿಗೆ ಹೊಳಪಿಗಿಂತ ಮೂಲ ಎಂಜಿನ್ನು, ಮೂಲ ಮೀಟರು, ಮೂಲ ಲೈಟು ಮುಖ್ಯ. ಹೊಸ ಬಣ್ಣ ಬಳಿಸಿ ಮಾರೋಣ ಎಂದು ನಲವತ್ತು ಸಾವಿರ ಸುರಿಯುವುದು ದಂಡ. ಅವನು ಹೇಗಿದ್ದರೂ ಅದನ್ನು ಕೆರೆಸಿಯೇ ಕೆರೆಸುತ್ತಾನೆ.

"ಒಂದ್ ರೌಂಡ್ ಹೊಡ್ಕೊಂಡ್ ಬರ್ತೀನಿ ಸಾರ್" ಎಂದರೆ ಪಕ್ಕದಲ್ಲಿ ನೀವೂ ಕೂತುಕೊಳ್ಳಿ. ವಿಮೆ ಚಾಲ್ತಿಯಲ್ಲಿಲ್ಲದ ಗಾಡಿಯಾದರೆ ರಸ್ತೆಗೆ ಇಳಿಸಲೇಬೇಡಿ. ಶೆಡ್ಡಿನಲ್ಲಿ ಸ್ಟಾರ್ಟ್ ಮಾಡಿ ತೋರಿಸಿದರೆ ಸಾಕು. ಆ ಒಂದು ರೌಂಡಿನಲ್ಲಿ ಯಾರಿಗಾದರೂ ಗುದ್ದಿದರೆ ಪರಿಹಾರ ಹುಡುಕಿಕೊಂಡು ಬರುವುದು ಮಾಲೀಕನನ್ನೇ.

ನಿಜವಾದ ಗಂಡಾಂತರ

ಇಷ್ಟು ಹೇಳಿದ್ದು ಪೀಠಿಕೆ. ನಿಜವಾದ ಗಂಡಾಂತರ ದುಡ್ಡು ಕೈಗೆ ಬಂದ ಮೇಲೆ ಶುರು.

ನಮ್ಮಲ್ಲಿ ಪದ್ಧತಿ ಏನು? ದುಡ್ಡು ಎಣಿಸಿಕೊಂಡು, ಖಾಲಿ ಫಾರಂ 29, 30ಕ್ಕೆ ಸಹಿ ಹಾಕಿ, ಆರ್‌ಸಿ ಮತ್ತು ಬೀಗದ ಕೈ ಕೊಟ್ಟುಬಿಡುವುದು. "ಟ್ರಾನ್ಸ್‌ಫರ್ ನೀವೇ ಮಾಡಿಸ್ಕೊಳಪ್ಪಾ" ಎಂದು ಹೇಳುವುದು. ಅವನು "ಆಯ್ತು ಸಾರ್" ಅನ್ನುವುದು. ಮಾಡಿಸುವುದಿಲ್ಲ! ಯಾಕೆ ಮಾಡಿಸುತ್ತಾನೆ? ಅವನೂ ಮಾರುವವನೇ. ಸಹಿ ಮಾಡಿದ ಖಾಲಿ ಫಾರಂ ಗಾಡಿ ಜೊತೆಗೇ ಮೂರು ಕೈ ದಾಟುತ್ತದೆ. ಫೀಸು ಉಳಿಯಿತು, ಓಡಾಟ ಉಳಿಯಿತು. ಸರ್ಕಾರದ ಪುಸ್ತಕದಲ್ಲಿ ಮಾತ್ರ ನಿಮ್ಮ ಹೆಸರು ಕಲ್ಲಿನಲ್ಲಿ ಕೆತ್ತಿದಂತೆ ಹಾಗೇ ಕೂತಿರುತ್ತದೆ.

ಇದರಿಂದೇನಾಯಿತು ಎನ್ನುವವರು 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪನ್ನು ಕೇಳಿ. ಉತ್ತರ ಭಾರತದ ಕಡೆಯ ಪ್ರಕರಣ. ಒಬ್ಬಾತ 2007ರಲ್ಲಿ ತನ್ನ ಕಾರು ಮಾರಿದ. ಕೊಂಡವನು ಇನ್ನೊಬ್ಬನಿಗೆ, ಅವನು ಮತ್ತೊಬ್ಬನಿಗೆ. 2009ರಲ್ಲಿ ಅಪಘಾತ, ಒಂದು ಜೀವ ಹೋಯಿತು. ಪರಿಹಾರ ಯಾರು ಕೊಡಬೇಕು? ಕೊನೆಯವನೇ, ಕಾರು ಇದ್ದದ್ದು ಅವನ ಕೈಯಲ್ಲಿ ತಾನೆ ಎಂದು ನೀವೂ ನಾವೂ ಹೇಳುತ್ತೇವೆ. ಕೋರ್ಟು ಹಾಗೆ ಹೇಳಲಿಲ್ಲ. ನೋಂದಣಿ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವನೇ ಕಾನೂನಿನ ಕಣ್ಣಲ್ಲಿ ಮಾಲೀಕ, ಹೊಣೆ ಅವನದೇ ಎಂದಿತು. ಪೆಟ್ಟು ತಿಂದವರ ಮನೆಯವರು ಕಾರು ಯಾರ್ಯಾರ ಕೈ ದಾಟಿತೆಂದು ಊರೂರು ಅಲೆಯಲಾಗದು ಎಂಬುದು ಅದರ ತರ್ಕ. ತರ್ಕ ಸರಿಯೇ. ಆದರೆ ಮಾರಿದವನ ಪಾಡು? ವಿಮೆ ಇದ್ದರೆ ಕಂಪನಿ ತಲೆ ಕೊಡುತ್ತದೆ ಎನ್ನಿ. ಹೆಸರು ಬದಲಾಯಿಸಿಕೊಳ್ಳದ ಮಹಾಶಯ ವಿಮೆ ಮಾತ್ರ ತಪ್ಪದೆ ಕಟ್ಟುತ್ತಾನೆ ಎಂದು ನಂಬುವುದು ಹೇಗೆ?

ಇನ್ನೂ ಭಯಂಕರವಾದದ್ದು 2025ರ ನವೆಂಬರ್ 10ರಂದು ನಡೆಯಿತು. ದೆಹಲಿಯ ಕೆಂಪುಕೋಟೆ ಹತ್ತಿರ ಕಾರಿನಲ್ಲಿ ಸ್ಫೋಟ. ಆ ಕಾರು ಹಲವು ಕೈ ಬದಲಾಗಿತ್ತು. ನಂಬರು ಹಿಡಿದು ಹೊರಟ ಪೊಲೀಸರು ಮೊದಲು ವಿಚಾರಿಸಿದ್ದು ಕಾರನ್ನು ಎಂದೋ ಮಾರಿಬಿಟ್ಟಿದ್ದ ಹಳೇ ಮಾಲೀಕನನ್ನು. ಮಾರಿದ್ದಕ್ಕೆ ಕಾಗದ ಇಟ್ಟುಕೊಂಡವನು ತೋರಿಸಿ ಬಚಾವಾಗುತ್ತಾನೆ. ಇಟ್ಟುಕೊಳ್ಳದವನ ಗತಿ ಏನು ಸ್ವಾಮಿ?

ಕಾನೂನು ಅಡ್ಡ ಬಂದಿಲ್ಲ, ದಾರಿ ತೋರಿಸಿದೆ. ಮೋಟಾರು ವಾಹನ ಕಾಯ್ದೆಯ 50ನೇ ಕಲಮಿನ ಪ್ರಕಾರ ರಾಜ್ಯದೊಳಗೇ ಮಾರಿದರೆ 14 ದಿನದೊಳಗೆ ಮಾರಿದವನು ಆರ್‌ಟಿಓಗೆ ತಿಳಿಸಬೇಕು. ಕೊಂಡವನು 30 ದಿನದೊಳಗೆ ಅರ್ಜಿ ಹಾಕಬೇಕು. ಹೊರರಾಜ್ಯಕ್ಕೆ ಹೋದರೆ 45 ದಿನ, ಜೊತೆಗೆ ನಿರಾಕ್ಷೇಪಣಾ ಪತ್ರ, ಅದಕ್ಕೆ ಫಾರಂ 28. ಆದ್ದರಿಂದ ಕೇರಳದ ಗಿರಾಕಿ "ಎನ್‌ಓಸಿ ಆಮೇಲೆ ನೋಡೋಣ" ಎಂದರೆ ಗಾಡಿಯನ್ನೂ ಆಮೇಲೆ ನೋಡೋಣ ಎನ್ನಿ. ಊರಿನವನೇ ಆದರೆ ಇಬ್ಬರೂ ಒಟ್ಟಿಗೆ ಕೂತು ಅರ್ಜಿ ತುಂಬಿ, ಒಟ್ಟಿಗೇ ಚಾಮರಾಜಪುರಂ ಕಚೇರಿಗೆ ಹೋಗಿ. ಕೊನೇ ಕಂತಿನ ದುಡ್ಡಿಗೂ ಅರ್ಜಿ ಸ್ವೀಕೃತಿಗೂ ಗಂಟು ಹಾಕಿ. ಗಾಡಿ ಕೊಟ್ಟ ತಾರೀಕು, ಗಂಟೆ, ಓಡಿದ ಕಿಲೋಮೀಟರು, ಕೊಂಡವನ ಸಹಿ, ಗುರುತಿನ ಚೀಟಿಯ ಪ್ರತಿ ಎಲ್ಲ ಸೇರಿಸಿ ಒಂದು ಡೆಲಿವರಿ ನೋಟು ಬರೆಸಿಕೊಳ್ಳಿ. ಪೊಲೀಸರ ಮುಂದೆ ಅದೊಂದು ಆಸರೆ. ಆದರೆ ಅಷ್ಟಕ್ಕೇ ಪುಸ್ತಕದ ಹೆಸರು ಬದಲಾಗುವುದಿಲ್ಲ, ಮರೆಯಬೇಡಿ.

ಇಲ್ಲೇ ಸರ್ಕಾರವನ್ನೂ ಒಂದು ಮಾತು ಕೇಳಬೇಕು. ಮಾರಿದವನು ನಿಯತ್ತಾಗಿ 14 ದಿನದಲ್ಲಿ ಫಾರಂ 29 ಕೊಟ್ಟ. ಕೊಂಡವನು ಅರ್ಜಿ ಹಾಕಲಿಲ್ಲ. ಪುಸ್ತಕದಲ್ಲಿ ಮಾಲೀಕ ಯಾರು? ಮಾರಿದವನೇ! ತಿಳಿಸಿದ ದಿನವೇ "ಮಾರಾಟವಾಗಿದೆ" ಎಂದು ಆ ನಂಬರಿನ ಮೇಲೆ ಗುರುತು ಹಾಕಿ, ಹೆಸರು ಬದಲಾಗುವ ತನಕ ಗಾಡಿ ರಸ್ತೆಗಿಳಿಯದಂತೆ ಮಾಡಲು ಏನು ಅಡ್ಡಿ? ಸಿಗ್ನಲ್ ದಾಟಿದರೆ ಕ್ಷಣದಲ್ಲಿ ಫೋಟೋ ಹೊಡೆದು ದಂಡದ ಸಂದೇಶ ಕಳಿಸುವ ಕಂಪ್ಯೂಟರಿಗೆ ಇದು ದೊಡ್ಡ ಕೆಲಸವೇ? 2023ರ ಏಪ್ರಿಲ್‌ನಿಂದ ಅಧಿಕೃತ ಹಳೇ ವಾಹನ ವ್ಯಾಪಾರಿ ಎಂಬ ವ್ಯವಸ್ಥೆ ಬಂದಿದೆ. ಅಂಥ ವ್ಯಾಪಾರಿಗೆ ಗಾಡಿ ಒಪ್ಪಿಸಿ ಆರ್‌ಟಿಓಗೆ ತಿಳಿಸಿದರೆ ಆ ಮೇಲಿನ ಹೊಣೆ ವ್ಯಾಪಾರಿಯದು. ಒಳ್ಳೆಯ ನಿಯಮ. ಗಾಡಿ ಕೊಡುವ ಮುಂಚೆ "ನಿಮ್ಮ ಅಧಿಕೃತ ಪತ್ರ ತೋರ್ಸಿ" ಎಂದು ಕೇಳಿ ನೋಡಿ, ಎಷ್ಟು ಜನ ತೋರಿಸುತ್ತಾರೆಂದು ನಿಮಗೇ ಗೊತ್ತಾಗುತ್ತದೆ. ವ್ಯಾಪಾರಿಗೆ ಕೊಟ್ಟರೆ ಸಿಗುವ ಈ ರಕ್ಷಣೆ ನೇರವಾಗಿ ಮಾರುವ ನಿವೃತ್ತ ಗುಮಾಸ್ತನಿಗೆ ಯಾಕಿಲ್ಲ?

ಇಲ್ಲದ ಬ್ಯಾಂಕು, ಇಲ್ಲದ ಅಪ್ಪ

ಹಳೇ ಗಾಡಿಯ ಆರ್‌ಸಿ ತೆಗೆದು ನೋಡಿದರೆ ಇನ್ನೊಂದು ತಮಾಷೆ. ಅಪ್ಪ ಸಾಲ ಮಾಡಿ ಕೊಂಡಿದ್ದು, ಸಾಲ ತೀರಿಸಿ ಎಷ್ಟೋ ವರ್ಷವಾಯಿತು, ಆದರೆ ಪುಸ್ತಕದಲ್ಲಿ ಬ್ಯಾಂಕಿನ ಹೆಸರು ತೆಗೆಸಿಲ್ಲ. ಯಾವ ಬ್ಯಾಂಕು? ಸ್ಟೇಟ್ ಬ್ಯಾಂಕ್ ಆಫ್ ಮೈಸೂರು! ಅದೇ 2017ರ ಏಪ್ರಿಲ್‌ನಲ್ಲಿ ಎಸ್‌ಬಿಐ ಹೊಟ್ಟೆಗೆ ಹೋಯಿತು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಗೆ. ಸಿಂಡಿಕೇಟ್ 2020ರಲ್ಲಿ ಕೆನರಾಗೆ, ಕಾರ್ಪೊರೇಷನ್ ಅದೇ ವರ್ಷ ಯೂನಿಯನ್ ಬ್ಯಾಂಕಿಗೆ. ನುಂಗಿದ ಬ್ಯಾಂಕಿನಿಂದಲೇ ಸಾಲ ತೀರಿದ ಪತ್ರ ಮತ್ತು ಫಾರಂ 35 ತರಬೇಕು. ಕೌಂಟರಿನ ಹುಡುಗಿ ಆ ಸಾಲ ಕೊಟ್ಟಾಗ ಹುಟ್ಟೇ ಇರಲಿಲ್ಲ, ಅವಳದೇನು ತಪ್ಪು? ಹಳೇ ಪಾಸ್‌ಬುಕ್ಕು, ಸಾಲ ತೀರಿದ ಚೀಟಿ ಇದ್ದರೆ ಪುಣ್ಯ. ಗಿರಾಕಿ ಬರುವ ಮುಂಚೆಯೇ ಈ ಕೆಲಸ ಮುಗಿಸಿಕೊಳ್ಳಿ. ಗಿರಾಕಿ ಬಂದ ಮೇಲೆ ಹೊರಟರೆ ಅವನು ಬೇರೆ ಗಾಡಿ ನೋಡಿಕೊಂಡಿರುತ್ತಾನೆ.

ಅಪ್ಪ ತೀರಿಹೋಗಿದ್ದರೆ ಅವರ ಹೆಸರಿನ ಗಾಡಿಯನ್ನು ಮಗ ಸೀದಾ ಮಾರುವಂತಿಲ್ಲ. ತೀರಿಹೋದ 30 ದಿನದೊಳಗೆ ತಿಳಿಸಿ, ಮೂರು ತಿಂಗಳೊಳಗೆ ಫಾರಂ 31 ಹಾಕಿ ಮೊದಲು ವಾರಸುದಾರರ ಹೆಸರಿಗೆ ಮಾಡಿಸಬೇಕೆಂಬುದು ನಿಯಮ. ಅಣ್ಣ ತಮ್ಮಂದಿರ, ಅಕ್ಕ ತಂಗಿಯರ ಒಪ್ಪಿಗೆ ಬೇಕು. ಗುಜರಿಗೆ ಹೋಗುವ ಗಾಡಿಯಾದಾಗ ಸುಮ್ಮನಿದ್ದ ಭಾವಮೈದುನ ಎರಡು ಲಕ್ಷ ಎಂದ ಕೂಡಲೇ ದಾವಣಗೆರೆಯಿಂದ ಬಸ್ಸು ಹತ್ತುತ್ತಾನೆ! 'ಎಂವೈ' ಎಂದು ಶುರುವಾಗುವ ಹಳೇ ನಂಬರಿನ ಪುಸ್ತಕವಾದರೆ ಅದು ಕಂಪ್ಯೂಟರಿನಲ್ಲಿ ಏರಿದೆಯೋ ಇಲ್ಲವೋ ನೋಡಿ. ಇಲ್ಲದಿದ್ದರೆ ಮೊದಲು ಅದನ್ನು ಏರಿಸಬೇಕು, ಚಾಸಿಸ್ ನಂಬರಿನ ಪೆನ್ಸಿಲ್ ಪ್ರಿಂಟ್ ಕೊಡಬೇಕು.

ಫೀಸಿನ ಕಥೆ ಕೇಳಿದರೆ ಎದೆ ಒಡೆಯುತ್ತದೆ. ಖಾಸಗಿ ಕಾರಿಗೆ 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. 600 ರೂಪಾಯಿ ಇದ್ದ ಫೀಸು 2022ರ ಏಪ್ರಿಲ್‌ನಿಂದ 5,000 ಆಯಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರಿಗೆ 10,000, ಬೈಕಿಗೆ 2,000, ವಿದೇಶದಿಂದ ತರಿಸಿದ ಕಾರಿಗೆ 80,000 ಎಂದು ಏರಿಸಿದರು. ಜಿಎಸ್‌ಟಿ, ರಾಜ್ಯದ ಹಸಿರು ತೆರಿಗೆ ಬೇರೆ. ಹಳೇ ಗಾಡಿಗಳನ್ನು ರಸ್ತೆಯಿಂದ ಇಳಿಸಲೆಂದು ಏರಿಸಿದ್ದು ಎನ್ನುತ್ತಾರೆ. ಇಳಿದದ್ದು ಮಾತ್ರ ಪಿಂಚಣಿದಾರರ ಗಾಡಿ. ನೋಂದಣಿ ಮುಗಿದ ಕಾರಿಟ್ಟುಕೊಂಡವರು ಇಷ್ಟೆಲ್ಲ ಯಾಕೆಂದು ದಲ್ಲಾಳಿ ಹೇಳಿದ ರೇಟಿಗೇ ತಲೆಯಾಡಿಸುತ್ತಾರೆ. ದಲ್ಲಾಳಿಗೆ ಈ ಫೀಸೇ ಈಗ ಹೊಸ ಆಯುಧ.

ಆದರೆ 50 ವರ್ಷ ದಾಟಿದ ಖಾಸಗಿ ಗಾಡಿಗೆ ಒಂದು ಬೇರೆ ಬಾಗಿಲಿದೆ, ಬಹಳ ಜನಕ್ಕೆ ಗೊತ್ತಿಲ್ಲ. 2021ರ ಜುಲೈನಿಂದ ವಿಂಟೇಜ್ ನೋಂದಣಿ ಬಂದಿದೆ. ಮೂಲ ರೂಪ ಕೆಡಿಸಿರಬಾರದು. ಹೊಸ ನೋಂದಣಿಗೆ 20,000, ಹತ್ತು ವರ್ಷ ಊರ್ಜಿತ, ಮರುನೋಂದಣಿಗೆ 5,000. ನಂಬರಿನಲ್ಲಿ 'ವಿಎ' ಅಕ್ಷರ. ಆದರೆ ದಿನಾ ಮಾರ್ಕೆಟ್ಟಿಗೆ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲಿಗೆ ಮಾತ್ರ. 1962ರ ಹೆರಾಲ್ಡು ಇಟ್ಟುಕೊಂಡವರು ಈ ಬಾಗಿಲು ತಮ್ಮ ಗಾಡಿಗೆ ತೆರೆಯುತ್ತದೋ ಎಂದು ವಿಚಾರಿಸಿಕೊಂಡೇ ರೇಟು ಹೇಳುವುದು ಒಳ್ಳೆಯದು. ಶೋಕಿ ಗಿರಾಕಿ ಅದನ್ನು ಮೊದಲೇ ವಿಚಾರಿಸಿಕೊಂಡು ಬಂದಿರುತ್ತಾನೆ, ನಿಮಗೆ ಹೇಳುವುದಿಲ್ಲ ಅಷ್ಟೆ.

ಕೊನೆಗೆ ಎರಡು ಸಣ್ಣ ವಿಷಯ. ಗಾಡಿಯ ಗಾಜಿನ ಮೇಲಿನ ಫಾಸ್ಟ್ಯಾಗ್ ಕಿತ್ತು, ಬ್ಯಾಂಕಿಗೆ ಹೇಳಿ ಮುಚ್ಚಿಸಿ. ಇಲ್ಲದಿದ್ದರೆ ಕೊಂಡವನು ಗಣಂಗೂರು ಟೋಲು ದಾಟಿದಾಗಲೆಲ್ಲ ನಿಮ್ಮ ಫೋನು ಟಿಣ್ ಎನ್ನುತ್ತದೆ. ವಿಮೆ ಕಂಪನಿಗೂ ಮಾರಿದ್ದನ್ನು ತಿಳಿಸಿ. ಕ್ಲೇಮು ಮಾಡದ್ದಕ್ಕೆ ಸಿಗುವ ಬೋನಸ್ ಗಾಡಿಯದಲ್ಲ, ನಿಮ್ಮದು. ಪತ್ರ ಬರೆಸಿಕೊಂಡರೆ ಮೂರು ವರ್ಷದೊಳಗೆ ಕೊಳ್ಳುವ ಬೇರೆ ಗಾಡಿಗೆ ಅದನ್ನು ಹಾಕಿಕೊಳ್ಳಬಹುದು. ಮುಂದಿನ ಗಾಡಿ ಕೊಳ್ಳುವ ಯೋಚನೆಯೇ ಇಲ್ಲ, ಇನ್ನು ಸಿಟಿ ಬಸ್ಸೇ ಗತಿ ಎನ್ನುವ ಹಿರಿಯರು ಪತ್ರ ಬಿಟ್ಟರೂ ನಷ್ಟವಿಲ್ಲ. ಫಾರಂ 29ರ ಸ್ವೀಕೃತಿ ಮಾತ್ರ ಬೀರುವಿನಲ್ಲಿರಲಿ.